ಪರ್ಮೆಥ್ರಿನ್ ಕ್ರೀಮು: ಔಷಧ ಗಟ್ಟಿ, ಟ್ಯೂಬು ಚಿಕ್ಕದು

ಮಕ್ಕಳ ಕಜ್ಜಿಗೆ ವೈದ್ಯರು ಇಂದು ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಶೇಕಡಾ 5ರ ಪರ್ಮೆಥ್ರಿನ್ ಕ್ರೀಮನ್ನು. ಹಲವು ಕಂಪನಿಗಳು ಹಲವು ಹೆಸರುಗಳಲ್ಲಿ ಇದನ್ನು ಮಾರುತ್ತವೆ. ಒಳಗಿರುವ ಔಷಧ ಮಾತ್ರ ಒಂದೇ. ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಹಳ್ಳಿಯೊಂದರ ಸರಕಾರಿ ಶಾಲೆಯಲ್ಲಿ ಪಾಠ ಹೇಳುವ ನಾನು, ನಮ್ಮ ಮಕ್ಕಳ ಮನೆಗಳಲ್ಲಿ ಈ ಕ್ರೀಮು ಬಳಕೆಯಾಗುವುದನ್ನೂ, ಕೆಲವೆಡೆ ಗುಣ ಕಂಡದ್ದನ್ನೂ, ಕೆಲವೆಡೆ ತಿಂಗಳೊಪ್ಪತ್ತಿನಲ್ಲಿ ಕಜ್ಜಿ ಮರಳಿ ಬಂದದ್ದನ್ನೂ ಹತ್ತಿರದಿಂದ ನೋಡಿದ್ದೇನೆ. ಔಷಧವಾಗಿ ಇದರ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ. ನನ್ನ ತಕರಾರು ಇರುವುದು ಇದನ್ನು ತುಂಬಿಸುವ ಟ್ಯೂಬಿನ ಅಳತೆಯ ಬಗ್ಗೆ, ಅದರ ಮೇಲಿನ ಸೂಚನೆಯ ಬಗ್ಗೆ ಮತ್ತು ಇದನ್ನು ಕೊಡುವ ರೀತಿಯ ಬಗ್ಗೆ. ಕಜ್ಜಿ ಹಿಡಿಯುವುದು ಇಡೀ ಮನೆಗೆ. ಔಷಧ ಸಿಗುವುದು ಒಂದು ಮಗುವಿಗೆ.

ಈ ಕ್ರೀಮು ಎದುರಿಸುವ ಜೀವಿ ಎಂಥದೆಂದು ತಿಳಿಯದೆ ಇದರ ಗುಣದೋಷ ಅಳೆಯಲಾಗದು. ಕಜ್ಜಿಗೆ ಕಾರಣ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳ. ಹೆಣ್ಣು ಹುಳದ ಉದ್ದ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅದು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತ ಒಂದೆರಡು ತಿಂಗಳು ಬದುಕುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆ ಒಡೆದು, ಎರಡು ವಾರದೊಳಗೆ ಮರಿ ಬೆಳೆದು ಅದೇ ಕೆಲಸಕ್ಕೆ ತೊಡಗುತ್ತದೆ. ಆಶ್ಚರ್ಯವೆಂದರೆ, ಮೈಯೆಲ್ಲ ಕೆರೆದುಕೊಳ್ಳುತ್ತಿರುವ ಮಗುವಿನ ಮೈಮೇಲೆ ಸಾಮಾನ್ಯವಾಗಿ ಇರುವುದು ಹತ್ತು ಹದಿನೈದು ಹುಳಗಳಷ್ಟೇ. ಅಷ್ಟೂ ತುರಿಕೆ ಹುಳಕ್ಕೂ ಅದರ ಹೊಲಸಿಗೂ ನಮ್ಮ ದೇಹ ತೋರುವ ಪ್ರತಿಕ್ರಿಯೆ. ಮೊದಲ ಸಲ ಹುಳ ಹತ್ತಿದಾಗ ಈ ಪ್ರತಿಕ್ರಿಯೆ ಎದ್ದು ಕಾಣಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ಮಗು ತುರಿಸಿಕೊಳ್ಳತೊಡಗುವ ಹೊತ್ತಿಗೆ, ಅದರ ಪಕ್ಕದಲ್ಲಿ ಮಲಗುವವರ ಮೈಗೂ ಹುಳ ಸೇರಿರುತ್ತದೆ, ಆದರೆ ಅವರಿಗೆ ಏನೂ ಅನ್ನಿಸಿರುವುದಿಲ್ಲ. ಒಂದು ಮಗುವಿಗೆ ಮಾತ್ರ ಕ್ರೀಮು ಹಚ್ಚಿದ ಮನೆಯಲ್ಲಿ ಕಜ್ಜಿ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೇ. ಎರಡನೆಯ ಸಲ ಹತ್ತಿದಾಗ ದೇಹ ಮೊದಲೇ ಪಳಗಿರುವುದರಿಂದ ತುರಿಕೆ ಒಂದೆರಡು ದಿನಗಳಲ್ಲೇ ಶುರುವಾಗುತ್ತದೆ; ಮನೆಯವರು ಅದನ್ನು ಕಂಡು ಔಷಧ ಸುಳ್ಳೆನ್ನುತ್ತಾರೆ.

ಈಗ ಕ್ರೀಮಿನ ವಿಷಯ. ಸೇವಂತಿಗೆಯ ಕುಲಕ್ಕೆ ಸೇರಿದ ಒಂದು ಹೂವಿನಲ್ಲಿ ಸಹಜವಾಗಿ ಇರುವ ಕೀಟನಾಶಕ ಅಂಶವನ್ನು ಅನುಸರಿಸಿ ಕಾರ್ಖಾನೆಯಲ್ಲಿ ತಯಾರಿಸಿದ ರಾಸಾಯನಿಕ ಪರ್ಮೆಥ್ರಿನ್. ಅದು ಹುಳದ ನರಗಳನ್ನು ಕೆಡಿಸಿ, ಚಲನೆ ನಿಲ್ಲಿಸಿ ಕೊಲ್ಲುತ್ತದೆ. ಮನುಷ್ಯನ ಚರ್ಮದ ಮೂಲಕ ಒಳಗೆ ಇಳಿಯುವುದು ಬಹಳ ಕಡಿಮೆ, ಇಳಿದದ್ದನ್ನೂ ದೇಹ ಬೇಗನೆ ಒಡೆದುಹಾಕುತ್ತದೆ. ಎರಡು ತಿಂಗಳು ತುಂಬಿದ ಕೂಸಿಗೂ ವೈದ್ಯರು ಇದನ್ನು ಬರೆಯುವುದು ಆ ಧೈರ್ಯದಿಂದಲೇ. ಬಿಳಿ ಬಣ್ಣದ ಈ ಕ್ರೀಮು ನಯವಾಗಿ ಹರಡುತ್ತದೆ, ಬಟ್ಟೆಗೆ ಕಲೆ ಹಿಡಿಯುವುದಿಲ್ಲ, ಮೂಗು ಮುಚ್ಚಿಕೊಳ್ಳುವಂಥ ವಾಸನೆಯಿಲ್ಲ. ಕೆರೆದು ಹುಣ್ಣಾದ ಕಡೆ ಸ್ವಲ್ಪ ಚುರುಗುಟ್ಟುತ್ತದೆ, ಆದರೆ ಮಗು ತಡೆದುಕೊಳ್ಳುವಷ್ಟು. ಅಳುವ ಮಗುವನ್ನು ಹಿಡಿದುಕೊಂಡು ಮೈಯೆಲ್ಲ ಔಷಧ ಹಚ್ಚಬೇಕಾದ ತಾಯಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದು ಹಚ್ಚಿದವರಿಗೇ ಗೊತ್ತು.

ಹಚ್ಚುವ ಕ್ರಮದಲ್ಲೇ ಅರ್ಧ ಗುಣವಿದೆ. ಬಹಳ ಜನ ಗುಳ್ಳೆ ಎದ್ದ ಕಡೆ ಮಾತ್ರ ಒಂದೊಂದು ಬೊಟ್ಟು ಇಟ್ಟು ಬಿಡುತ್ತಾರೆ. ಅದರಿಂದ ಏನೂ ಆಗದು. ಕುತ್ತಿಗೆಯಿಂದ ಅಂಗಾಲಿನವರೆಗೆ, ಗುಳ್ಳೆ ಇರಲಿ ಇಲ್ಲದಿರಲಿ, ಒಂದು ಬೆರಳಿನಷ್ಟು ಜಾಗವನ್ನೂ ಬಿಡದೆ ಹಚ್ಚಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಕಣ್ಣು ಬಾಯಿಗಳ ಸುತ್ತ ಬಿಟ್ಟು ಮುಖಕ್ಕೂ, ನೆತ್ತಿಗೂ, ಕಿವಿಯ ಹಿಂದೆಯೂ ಹಚ್ಚಬೇಕು. ಬೆರಳ ಸಂದಿ, ಮಣಿಕಟ್ಟಿನ ಒಳಭಾಗ, ಕಂಕುಳು, ಹೊಕ್ಕುಳು, ತೊಡೆ ಸಂದಿ ಇವು ಹುಳದ ಮೆಚ್ಚಿನ ತಾಣಗಳು. ನಮ್ಮ ಕಡೆಯ ಮಕ್ಕಳಲ್ಲಿ ಇನ್ನೊಂದು ಜಾಗವನ್ನು ವಿಶೇಷವಾಗಿ ನೋಡಬೇಕು: ಉಡದಾರದ ಕೆಳಗೆ. ಹುಡುಗನ ಅಂಗಿ ಎತ್ತಿ ಉಡದಾರವನ್ನು ಸ್ವಲ್ಪ ಮೇಲಕ್ಕೆ ಸರಿಸಿದರೆ, ದಾರ ಕೂತ ಗೆರೆಯುದ್ದಕ್ಕೂ ಕೆಂಪು ಗುಳ್ಳೆಗಳು ಸಾಲುಗಟ್ಟಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮನೆಯವರು ದಾರದ ಮೇಲೂ ಕೆಳಗೂ ಕ್ರೀಮು ಸವರಿ, ದಾರದ ಅಡಿಯ ಗೆರೆಯನ್ನು ಹಾಗೇ ಬಿಟ್ಟಿರುತ್ತಾರೆ. ಆ ರಾತ್ರಿಯ ಮಟ್ಟಿಗೆ ಉಡದಾರವನ್ನೂ, ರಟ್ಟೆಯ ತಾಯತವನ್ನೂ, ಹೆಣ್ಣುಮಕ್ಕಳ ಬಳೆಗಳನ್ನೂ ಬಿಚ್ಚುವುದು ಒಳ್ಳೆಯದು. ಬಿಚ್ಚಲು ಒಪ್ಪದ ಮನೆಗಳಲ್ಲಿ ಸರಿಸಿ, ಅಡಿಯಲ್ಲಿ ಹಚ್ಚಿ, ಮತ್ತೆ ಕೂಡಿಸಬೇಕು. ಉಗುರು ಕತ್ತರಿಸಿ, ಉಗುರಿನ ಸಂದಿಗೂ ಕ್ರೀಮು ತುಂಬಬೇಕು, ಏಕೆಂದರೆ ಕೆರೆದ ಹುಳ ಅಲ್ಲಿಯೇ ಕೂತಿರುತ್ತದೆ.

ರಾತ್ರಿ ಊಟವಾದ ಮೇಲೆ ಹಚ್ಚಿ, ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು, ಮುಂಜಾನೆ ಜಳಕ ಮಾಡಿಸುವುದು ಸರಿಯಾದ ಕ್ರಮ. ಹಚ್ಚಿದ ಮೇಲೆ ಮಗು ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಊಟಕ್ಕೆ ಮುಂಚೆ ಹಚ್ಚಿ, ರೊಟ್ಟಿ ತಿಂದು ಕೈ ತೊಳೆದು ಮಲಗಿದ ಮಗುವಿನ ಬೆರಳ ಸಂದಿಗಳಲ್ಲಿ ಔಷಧವೇ ಉಳಿದಿರುವುದಿಲ್ಲ, ಹುಳಗಳು ಹೆಚ್ಚಾಗಿರುವುದು ಅಲ್ಲಿಯೇ. ಹಾಲೂಡಿಸುವ ತಾಯಿ ಎದೆಗೆ ಹಚ್ಚಿಕೊಂಡಿದ್ದರೆ ಹಾಲು ಕೊಡುವ ಮುನ್ನ ಒರೆಸಿ ತೊಳೆಯಬೇಕು, ಮತ್ತೆ ಹಚ್ಚಿಕೊಳ್ಳಬೇಕು. ಮೊದಲ ಸಲ ಉಳಿದುಕೊಂಡ ಮೊಟ್ಟೆಗಳು ಒಡೆದು ಬಂದ ಮರಿಗಳನ್ನು ಕೊಲ್ಲಲು, ಒಂದರಿಂದ ಎರಡು ವಾರದೊಳಗೆ ಇಷ್ಟನ್ನೂ ಇನ್ನೊಮ್ಮೆ ಮಾಡಬೇಕು. ಈ ಎರಡನೆಯ ಸರದಿಯನ್ನು ನಮ್ಮ ಹಳ್ಳಿಗಳಲ್ಲಿ ಬಹುಪಾಲು ಜನ ಬಿಟ್ಟುಬಿಡುತ್ತಾರೆ. ಆ ಹೊತ್ತಿಗೆ ಟ್ಯೂಬು ಮುಗಿದಿರುತ್ತದೆ.

ಟ್ಯೂಬಿನ ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನನ್ನ ಮುಖ್ಯ ಮಾತು ಇಲ್ಲಿದೆ. ಇದು ಸಾಮಾನ್ಯವಾಗಿ 30 ಗ್ರಾಂ ಮತ್ತು 60 ಗ್ರಾಂ ಟ್ಯೂಬುಗಳಲ್ಲಿ ಸಿಗುತ್ತದೆ. ಬೆಳೆದ ಒಬ್ಬ ಮನುಷ್ಯನ ಮೈಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಆರರಿಂದ ಹನ್ನೆರಡು ವರ್ಷದ ಮಗುವಿಗೆ ಅದರ ಅರ್ಧ, ಒಂದರಿಂದ ಐದು ವರ್ಷದ ಮಗುವಿಗೆ ಕಾಲುಭಾಗ, ವರ್ಷ ತುಂಬದ ಕೂಸಿಗೆ ಎಂಟನೆಯ ಒಂದು ಭಾಗ. ಗಂಡ, ಹೆಂಡತಿ, ಅಜ್ಜಿ, ಹನ್ನೊಂದು, ಎಂಟು ಮತ್ತು ಮೂರು ವರ್ಷದ ಮಕ್ಕಳಿರುವ ಒಂದು ಸಾಧಾರಣ ಮನೆಯನ್ನು ತೆಗೆದುಕೊಳ್ಳೋಣ. ದೊಡ್ಡವರು ಮೂವರಿಗೆ 90 ಗ್ರಾಂ, ದೊಡ್ಡ ಮಕ್ಕಳಿಬ್ಬರಿಗೆ 30 ಗ್ರಾಂ, ಚಿಕ್ಕದಕ್ಕೆ ಏಳೂವರೆ ಗ್ರಾಂ. ಒಂದು ರಾತ್ರಿಗೆ 127.5 ಗ್ರಾಂ, ಎರಡು ಸರದಿಗೆ 255 ಗ್ರಾಂ. ಅಂದರೆ 30 ಗ್ರಾಮಿನ ಒಂಬತ್ತು ಟ್ಯೂಬುಗಳು. ಆ ಮನೆಯ ತಾಯಿ ದವಾಖಾನೆಯಿಂದಲೋ ಅಂಗಡಿಯಿಂದಲೋ ತರುವುದು ಒಂದು ಟ್ಯೂಬು. ಅವಳು ಅದನ್ನು ಜೋಪಾನವಾಗಿ, ಗುಳ್ಳೆ ಕಂಡಲ್ಲಿ ಮಾತ್ರ, ವಾರವೆಲ್ಲ ಹಚ್ಚುತ್ತಾಳೆ. ಅದು ಅವಳ ಅಜ್ಞಾನವಲ್ಲ. ಇರುವುದನ್ನು ಸಾಲಿಸುವ ಸಂಸಾರದ ಬುದ್ಧಿಯೇ ಅದು, ಎಣ್ಣೆ ಸಕ್ಕರೆಗಳ ವಿಷಯದಲ್ಲಿ ಮನೆಯನ್ನು ಕಾಪಾಡುವ ಬುದ್ಧಿ. ಈ ಔಷಧದ ವಿಷಯದಲ್ಲಿ ಮಾತ್ರ ಅದು ಕೈಕೊಡುತ್ತದೆ.

ಹೊಲದ ಕೂಲಿಯ ಮೇಲೆ ನಡೆಯುವ ಮನೆಗೆ ಒಂಬತ್ತು ಟ್ಯೂಬು ಕೊಳ್ಳುವುದು ಆಗುವ ಮಾತಲ್ಲ. ಕಂಪನಿಯಿಂದ ಕಂಪನಿಗೆ ಬೆಲೆಯಲ್ಲಿ ಬಹಳ ಅಂತರವಿದೆ. ಔಷಧದ ಹೆಸರು ಹೇಳಿ ಜೆನೆರಿಕ್ ಕೇಳಿ ಕೊಂಡರೆ ಖರ್ಚು ಗಣನೀಯವಾಗಿ ಇಳಿಯುತ್ತದೆ, ಜನೌಷಧಿ ಕೇಂದ್ರ ಹತ್ತಿರವಿರುವವರು ಅಲ್ಲಿ ಮೊದಲು ವಿಚಾರಿಸಬೇಕು. ಆದರೂ ಬಡವರ ಮನೆಗೆ ಇದು ಸರಕಾರಿ ದವಾಖಾನೆಯಿಂದ ಪುಕ್ಕಟೆಯಾಗಿ, ಮನೆಯ ಮಂದಿಯನ್ನು ಎಣಿಸಿ ಸಿಗಬೇಕಾದ ಔಷಧವೆಂಬುದು ನನ್ನ ದೃಢವಾದ ಅಭಿಪ್ರಾಯ. ಚೀಟಿ ಮಗುವಿನ ಹೆಸರಿನಲ್ಲಿರುವುದರಿಂದ ಔಷಧವೂ ಮಗುವಿಗಷ್ಟೇ ಎಂದು ಕಿಟಕಿಯಲ್ಲಿ ಹೇಳಿ ಕಳಿಸಿದ ಪ್ರಸಂಗಗಳು ನಮ್ಮ ಪಾಲಕರಿಗೆ ಹೊಸವಲ್ಲ. ಕಜ್ಜಿಯ ಚೀಟಿಯಲ್ಲಿ ವೈದ್ಯರು ಮನೆಯಲ್ಲಿ ಎಷ್ಟು ಮಂದಿ, ಅವರ ವಯಸ್ಸೆಷ್ಟು ಎಂದು ಬರೆದರೆ ಆ ಅಡ್ಡಿ ಅಲ್ಲಿಗೇ ತಪ್ಪುತ್ತದೆ.

ಎರಡನೆಯ ದೋಷ ಸೂಚನೆಯದು. ನಾನು ನೋಡಿದ ಟ್ಯೂಬೊಂದರ ಪೆಟ್ಟಿಗೆಯ ಮೇಲೆ, ವೈದ್ಯರು ಹೇಳಿದಂತೆ ಬಳಸಿ ಎಂಬ ಒಂದು ಸಾಲು ಬಿಟ್ಟರೆ ಹಚ್ಚುವ ವಿಧಾನವೇ ಇರಲಿಲ್ಲ. ಒಳಗಿನ ಕಾಗದ ಇಂಗ್ಲಿಷಿನಲ್ಲಿ, ಕಣ್ಣಿಗೆ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಇತ್ತು. ಕುತ್ತಿಗೆಯಿಂದ ಕೆಳಗೆ, ಮನೆಮಂದಿಗೆಲ್ಲ, ಒಂದೇ ರಾತ್ರಿ, ವಾರ ಬಿಟ್ಟು ಇನ್ನೊಮ್ಮೆ ಎಂಬ ಈ ನಾಲ್ಕು ಮಾತು ಕನ್ನಡದಲ್ಲಿ, ಒಂದು ಚಿತ್ರದ ಜೊತೆಗೆ ಪೆಟ್ಟಿಗೆಯ ಮೇಲಿದ್ದರೆ ಸಾಕಿತ್ತು. ಸದ್ಯಕ್ಕೆ ಆ ಮಾತನ್ನು ಆಶಾ ಕಾರ್ಯಕರ್ತೆಯೋ ಮಾಸ್ತರರೋ ಬಾಯಿಂದ ಹೇಳಬೇಕಾಗಿದೆ. ಒಬ್ಬ ತಾಯಿ ನನ್ನನ್ನು ಕೇಳಿದ್ದರು: "ಹುಡುಗಗ ಅಷ್ಟೇ ಆಗ್ಯಾದ್ರೀ ಸರ್, ನಾವ್ಯಾಕ ಹಚ್ಕೋಬೇಕು?" ನಾನು ಹೇಳಿದೆ: "ತುರಿಕಿ ಕಾಣ್ಲಿಕ್ಕ ಒಂದು ತಿಂಗಳ ಬೇಕವ್ವಾ, ಹುಳ ಮಾತ್ರ ಈಗೇ ನಿಮ್ಮ ಮೈಮ್ಯಾಲ ಇರ್ತಾವ." ಅಷ್ಟು ಹೇಳಿದ ಮೇಲೆ ಅವರು ಮರುಪ್ರಶ್ನೆ ಹಾಕಲಿಲ್ಲ. ಕಾರಣ ತಿಳಿದರೆ ನಮ್ಮ ಜನ ಮಾಡದೆ ಬಿಡುವವರಲ್ಲ.

ಸೂಚನೆಯಲ್ಲಿ ಇರಲೇಬೇಕಾದ ಇನ್ನೊಂದು ಮಾತಿದೆ. ಹುಳ ಸತ್ತ ಮೇಲೂ ತುರಿಕೆ ಎರಡರಿಂದ ನಾಲ್ಕು ವಾರ ಉಳಿಯುತ್ತದೆ, ಏಕೆಂದರೆ ಸತ್ತ ಹುಳದ ಅವಶೇಷ ಚರ್ಮದಲ್ಲಿಯೇ ಇದ್ದು, ಚರ್ಮ ಉದುರಿ ಹೊಸದಾಗುವವರೆಗೆ ದೇಹ ಸುಮ್ಮನಾಗುವುದಿಲ್ಲ. ಇದು ತಿಳಿಯದವರು ಮೂರನೆಯ ದಿನವೇ ಔಷಧ ಹತ್ತಲಿಲ್ಲವೆಂದು ಮತ್ತೆ ಮತ್ತೆ ಹಚ್ಚಿ ಚರ್ಮವನ್ನು ಒಣಗಿಸಿ ಕೆರಳಿಸುತ್ತಾರೆ, ಇಲ್ಲವೇ ಬೇರೆ ಔಷಧ ಹುಡುಕಿಕೊಂಡು ಹೋಗುತ್ತಾರೆ. ನಾಲ್ಕು ವಾರ ಕಳೆದರೂ ಹೊಸ ಗುಳ್ಳೆ ಏಳುತ್ತಿದ್ದರೆ ಆಗ ವೈದ್ಯರಿಗೆ ಮರಳಿ ತೋರಿಸಬೇಕು. ಈಚಿನ ವರ್ಷಗಳಲ್ಲಿ ಕೆಲವು ಕಡೆ ಪರ್ಮೆಥ್ರಿನ್ ಮೊದಲಿನಷ್ಟು ಕೆಲಸ ಮಾಡುತ್ತಿಲ್ಲವೆಂಬ ವರದಿಗಳೂ ಬಂದಿವೆ. ಅರೆಬರೆ ಹಚ್ಚಿದ್ದನ್ನೆಲ್ಲ ಔಷಧದ ಸೋಲೆಂದು ಎಣಿಸದೆ, ಸರಿಯಾಗಿ ಹಚ್ಚಿಯೂ ಗುಣವಾಗದಿದ್ದಾಗ ಮಾತ್ರ ಆ ಸಂಶಯಕ್ಕೆ ಬರಬೇಕು.

ಬೇರೆ ಔಷಧ ಹುಡುಕುವವರ ಕೈಗೆ ಬೀಳುವುದು ಬಹುಮಟ್ಟಿಗೆ ಸ್ಟೀರಾಯ್ಡ್ ಬೆರೆಸಿದ ಕ್ರೀಮು. ಸ್ಟೀರಾಯ್ಡು, ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ ಮೂರನ್ನೂ ಕಲಸಿದ ಇಂಥ ಟ್ಯೂಬುಗಳನ್ನು ತುರಿಕೆ ಎಂದೊಡನೆ ಕೊಟ್ಟು ಕಳಿಸುವ ಅಂಗಡಿಗಳು ನಮ್ಮ ತಾಲೂಕು ಕೇಂದ್ರಗಳಲ್ಲಿ ಇವೆ. ಎರಡು ದಿನದಲ್ಲಿ ತುರಿಕೆ ಇಳಿಯುತ್ತದೆ, ತಾಯಿಗೆ ಸಮಾಧಾನವಾಗುತ್ತದೆ. ಆದರೆ ಹುಳಕ್ಕೆ ಏನೂ ಆಗಿರುವುದಿಲ್ಲ. ದೇಹದ ಪ್ರತಿಕ್ರಿಯೆ ಮಾತ್ರ ಅಡಗಿರುತ್ತದೆ, ಹುಳ ನಿರಾತಂಕವಾಗಿ ಹೆಚ್ಚುತ್ತದೆ, ಗುಳ್ಳೆಗಳ ಸ್ವರೂಪ ಬದಲಾಗಿ ಮುಂದೆ ವೈದ್ಯರಿಗೂ ಗುರುತು ಸಿಗುವುದು ಕಷ್ಟವಾಗುತ್ತದೆ, ಮಗುವಿನ ಎಳೆಯ ಚರ್ಮ ತೆಳುವಾಗುತ್ತದೆ. ಕಜ್ಜಿಯ ಮಗುವಿಗೆ ವೈದ್ಯರ ಚೀಟಿಯಿಲ್ಲದೆ ಇಂಥದನ್ನು ಹಚ್ಚಲೇಬಾರದು. ಹತ್ತಿಯ ಹೊಲಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಬಗ್ಗೆಯೂ ಇಲ್ಲಿಯೇ ಹೇಳಬೇಕು. ಅದರಲ್ಲಿ ಕೆಲವು ಪರ್ಮೆಥ್ರಿನ್ ಗುಂಪಿಗೇ ಸೇರಿದ ರಾಸಾಯನಿಕಗಳೆಂಬುದು ನಿಜ. ಆದರೆ ಅವುಗಳ ಪ್ರಮಾಣ, ಅವನ್ನು ಕರಗಿಸಿದ ದ್ರಾವಕ ಎರಡೂ ಬೇರೆ. ಕಜ್ಜಿಗಾಗಲಿ ತಲೆಯ ಹೇನಿಗಾಗಲಿ ಅದನ್ನು ಸವರಿದರೆ ಮಗುವಿನ ಜೀವಕ್ಕೇ ಅಪಾಯ.

ಹಳೆಯ ಔಷಧಗಳ ಪೈಕಿ ಬೆಂಜೈಲ್ ಬೆಂಜೋಯೇಟ್ ಲೋಷನ್ ಈಗಲೂ ಕೆಲವು ಕಡೆ ಸಿಗುತ್ತದೆ. ಅಗ್ಗ, ಕೆಲಸವನ್ನೂ ಮಾಡುತ್ತದೆ, ಬಾಟಲಿಯಲ್ಲಿ ಬರುವುದರಿಂದ ಮನೆಮಂದಿಗೆ ಸಾಲುವುದೂ ಸುಲಭ. ಆದರೆ ಕೆರೆದ ಮೈಗೆ ಬಿದ್ದರೆ ಉರಿ ಜೋರು, ಮಕ್ಕಳಿಗೆ ನೀರು ಬೆರೆಸಿ ತೆಳುಮಾಡಬೇಕು, ಒಂದಕ್ಕಿಂತ ಹೆಚ್ಚು ಸಲ ಹಚ್ಚಬೇಕು. ದೊಡ್ಡವರಿಗೆ ಅದನ್ನೂ ಮಕ್ಕಳಿಗೆ ಪರ್ಮೆಥ್ರಿನ್ನನ್ನೂ ವೈದ್ಯರ ಸಲಹೆ ಪಡೆದು ಹಂಚಿಕೊಂಡರೆ ಬಡ ಮನೆಯ ಖರ್ಚು ತಗ್ಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಗಂಧಕದ ಮುಲಾಮನ್ನು ವೈದ್ಯರು ಬರೆಯುತ್ತಾರೆ. ಲಿಂಡೇನ್ ನರಗಳಿಗೆ ಹಾನಿ ಮಾಡುವುದರಿಂದ ಮಕ್ಕಳಿಗೆ ಅದರ ತಂಟೆಯೇ ಬೇಡ.

ಕಜ್ಜಿಗೆ ನುಂಗಲು ಕೊಡುವ ಐವರ್‌ಮೆಕ್ಟಿನ್ ಗುಳಿಗೆಯೊಂದಿಗೆ ಹೋಲಿಸದೆ ಈ ವಿಮರ್ಶೆ ಪೂರ್ತಿಯಾಗದು. 2015ರಲ್ಲಿ ವಿಲಿಯಂ ಕ್ಯಾಂಬೆಲ್ ಮತ್ತು ಸತೋಶಿ ಒಮುರಾ ಅವರಿಗೆ ನೊಬೆಲ್ ತಂದುಕೊಟ್ಟ ಸಂಶೋಧನೆಯಿಂದ ಬಂದ ಈ ಔಷಧವನ್ನು ತೂಕದ ಪ್ರತಿ ಕಿಲೋಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ, ವಾರ ಎರಡು ವಾರದ ಅಂತರದಲ್ಲಿ ಎರಡು ಸಲ ನುಂಗಬೇಕು. 15 ಕಿಲೋ ತೂಗದ ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವುದಿಲ್ಲ. ಅದೇ 2015ರಲ್ಲಿ ಫಿಜಿ ದ್ವೀಪಗಳ ಅಧ್ಯಯನವೊಂದು ಪ್ರಕಟವಾಯಿತು. ಒಂದೊಂದು ದ್ವೀಪಸಮುದಾಯಕ್ಕೆ ಒಂದೊಂದು ರೀತಿಯಲ್ಲಿ ಔಷಧ ಕೊಟ್ಟು ವರ್ಷದ ನಂತರ ನೋಡಿದಾಗ, ಎಲ್ಲರಿಗೂ ಐವರ್‌ಮೆಕ್ಟಿನ್ ಕೊಟ್ಟ ಕಡೆ ಕಜ್ಜಿ ಶೇಕಡಾ 32.1ರಿಂದ 1.9ಕ್ಕೆ ಇಳಿದಿತ್ತು; ಎಲ್ಲರಿಗೂ ಪರ್ಮೆಥ್ರಿನ್ ಕೊಟ್ಟ ಕಡೆ 41.7ರಿಂದ 15.8ಕ್ಕೆ, ರೋಗ ಕಂಡವರಿಗೂ ಅವರ ಸಂಪರ್ಕದವರಿಗೂ ಮಾತ್ರ ಪರ್ಮೆಥ್ರಿನ್ ಕೊಟ್ಟ ಕಡೆ 36.6ರಿಂದ 18.8ಕ್ಕೆ. ನುಂಗಿಸುವುದು ಸುಲಭ, ಮೈಯೆಲ್ಲ ಹಚ್ಚಿಸುವುದು ಕಷ್ಟ ಎಂಬ ವ್ಯತ್ಯಾಸ ಈ ಅಂಕಿಗಳಲ್ಲಿ ಕಾಣುತ್ತದೆ. ಮಕ್ಕಳು ಸಾಲಾಗಿ ಮಲಗುವ ವಸತಿ ಶಾಲೆಗಳಲ್ಲಿ, ಗುಳೆ ಹೋದವರ ಮಕ್ಕಳನ್ನು ಇರಿಸಿಕೊಳ್ಳುವ ಹಾಸ್ಟೆಲುಗಳಲ್ಲಿ ವೈದ್ಯರ ನೇತೃತ್ವದಲ್ಲಿ ಗುಳಿಗೆಯೇ ಹೆಚ್ಚು ಉಪಯೋಗಕ್ಕೆ ಬರಬಹುದು. ಮನೆಯಲ್ಲಿ, ಅದರಲ್ಲೂ ಸಣ್ಣ ಮಕ್ಕಳಿರುವಲ್ಲಿ, ನನ್ನ ಆಯ್ಕೆ ಈಗಲೂ ಕ್ರೀಮೇ.

ಕ್ರೀಮು ಮುಟ್ಟದ ಜಾಗ ಹಾಸಿಗೆ. ನಮ್ಮ ಮನೆಗಳಲ್ಲಿ ಮೂರು ನಾಲ್ಕು ಮಕ್ಕಳು ಒಂದೇ ಕೌದಿಯಲ್ಲಿ ಮಲಗುತ್ತಾರೆ. ಕಜ್ಜಿ ಹೆಚ್ಚಾಗಿ ಹರಡುವುದು ಮೈಗೆ ಮೈ ತಾಗಿ ಬಹಳ ಹೊತ್ತು ಇರುವುದರಿಂದ. ಕೌದಿಯ ಪಾಲು ಅದಕ್ಕಿಂತ ಕಡಿಮೆ, ಆದರೂ ಬಿಡುವಂತಿಲ್ಲ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೆನೆದರೆ ಇಬ್ಬರು ಹಿಡಿದು ಹಿಂಡಬೇಕು, ಅದನ್ನು ಬಿಸಿನೀರಿನಲ್ಲಿ ಒಗೆಯಿರಿ ಎನ್ನುವ ಸಲಹೆ ನಲ್ಲಿಗೆ ಸರದಿ ಹಚ್ಚುವ ಊರಿನಲ್ಲಿ ನಡೆಯದು. ಮನುಷ್ಯನ ಮೈ ಬಿಟ್ಟ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಾಗಾಗಿ ಹಚ್ಚಿದ ರಾತ್ರಿಯಿಂದ ಕೌದಿಗಳನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ನಾಲ್ಕು ದಿನ ಮೂಲೆಗಿಟ್ಟರೆ ಸಾಕು. ಬೇಸಿಗೆಯಲ್ಲಿ ಅದನ್ನು ಮಾಳಿಗೆಯ ಕಾದ ಫರಸಿಯ ಮೇಲೆ ಎರಡೂ ಮಗ್ಗುಲು ತಿರುವಿ ಹಾಕಿದರೆ ಇನ್ನೂ ಒಳ್ಳೆಯದು. ತೊಟ್ಟ ಅಂಗಿ ಚಡ್ಡಿ, ಹೊದಿಕೆಗಳನ್ನು ಮಾತ್ರ ಬಿಸಿನೀರಿನಲ್ಲಿ ಒಗೆಯಬೇಕು.

ಕಜ್ಜಿಯನ್ನು ಸಣ್ಣ ರೋಗವೆಂದು ತಳ್ಳಿಹಾಕುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಲೋಕದಲ್ಲಿ ಯಾವುದೇ ಹೊತ್ತಿನಲ್ಲಿ ಸುಮಾರು 20 ಕೋಟಿ ಜನರಿಗೆ ಇದು ಇರುತ್ತದೆಂದು ಅದರ ಅಂದಾಜು. ಕೆರೆದ ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿ ಕೀವು ತುಂಬುತ್ತದೆ, ಕೆಲವು ಮಕ್ಕಳಲ್ಲಿ ಅದರ ಬೆನ್ನಿಗೇ ಮೂತ್ರಪಿಂಡ ಊದಿಕೊಳ್ಳುತ್ತದೆ. ಕಜ್ಜಿಯಾದ ಮಗುವಿನ ಮುಖ ಮುಂಜಾನೆ ಬಾತುಕೊಂಡಿದ್ದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ದವಾಖಾನೆಗೆ ಒಯ್ಯಬೇಕು. ಕೀವಾದ ಹುಣ್ಣಿಗೆ ಈ ಕ್ರೀಮು ಔಷಧವಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಬೇಕು.

ಇನ್ನು ಶಾಲೆ. ಕಜ್ಜಿಯ ಹುಡುಗನನ್ನು ಹಿಂದಿನ ಸಾಲಿಗೆ ದೂಡುವುದು, ಜಳಕ ಮಾಡುವುದಿಲ್ಲವೆಂದು ಎಲ್ಲರೆದುರು ಬೈಯುವುದು ಇಂದಿಗೂ ನಿಂತಿಲ್ಲ. ದಿನಾ ಜಳಕ ಮಾಡುವವರಿಗೂ ಇದು ಹತ್ತುತ್ತದೆ. ಚರ್ಮದೊಳಗೆ ಸುರಂಗ ಕೊರೆದ ಹುಳವನ್ನು ಯಾವ ಸಾಬೂನೂ ತೊಳೆದುಹಾಕದು. ಕಾರಣವಿರುವುದು ಚಿಕ್ಕ ಮನೆಯಲ್ಲಿ, ಒತ್ತೊತ್ತಾಗಿ ಮಲಗುವ ಮಕ್ಕಳಲ್ಲಿ, ಗುಳೆ ಹೋದಲ್ಲಿ ತಗಡಿನ ಶೆಡ್ಡಿನಲ್ಲಿ ಹತ್ತು ಮಂದಿ ಮೈ ಚಾಚುವ ಬದುಕಿನಲ್ಲಿ. ಮೊದಲ ಸಲ ಹಚ್ಚಿ ಜಳಕವಾದ ಮರುದಿನದಿಂದಲೇ ಮಗು ಶಾಲೆಗೆ ಬರಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕೆಂಬ ನಿಯಮವಿದೆ, ಅದು ನೋಡಬೇಕಾದ ತೊಂದರೆಗಳಲ್ಲಿ ಚರ್ಮರೋಗವೂ ಒಂದು. ತಂಡ ಬಂದ ದಿನ ಮಾಸ್ತರರು ತಾವಾಗಿಯೇ ಕಜ್ಜಿಯ ಮಕ್ಕಳನ್ನು ಮುಂದೆ ತಂದು, ಅವರ ಮನೆಯಲ್ಲಿ ಎಷ್ಟು ಮಂದಿ ಎಂಬ ಪಟ್ಟಿಯನ್ನೂ ಕೈಗಿಡಬೇಕು.

ಹಚ್ಚಲು ಹೊತ್ತು ಯಾವುದೆಂದು ಕೇಳುವವರಿಗೆ ನಾನು ಹೇಳುವುದು, ಗುಳೆ ಹೋದವರು ಊರಿಗೆ ಮರಳಿ ಮನೆಮಂದಿಯೆಲ್ಲ ಒಂದೆಡೆ ಇರುವ ಬೇಸಿಗೆಯ ದಿನಗಳನ್ನು. ಮೇ ತಿಂಗಳ ನಡುವೆ ಮೊದಲ ಸಲ ಹಚ್ಚಿದರೆ, ಎರಡನೆಯ ಸರದಿ ಶಾಲೆ ತೆರೆಯುವ ಮುಂಚೆಯೇ ಮುಗಿಯುತ್ತದೆ. ಕೊಳ್ಳುವವರು 60 ಗ್ರಾಮಿನ ಟ್ಯೂಬನ್ನೇ ಕೇಳಿ. ಸಾಲದೆ ಬಂದರೆ ಎಲ್ಲರಿಗೂ ಬೊಟ್ಟು ಬೊಟ್ಟು ಹಂಚಬೇಡಿ, ಎಲ್ಲರಿಗೂ ಸಾಲುವಷ್ಟು ಕೂಡಿಬರುವವರೆಗೆ ನಾಲ್ಕು ದಿನ ತಡೆದು, ಒಂದೇ ರಾತ್ರಿ ಎಲ್ಲರೂ ಹಚ್ಚಿಕೊಳ್ಳಿ.